ಡೇಟಾ ಬಳಸದ ಎರಡು ನಂಬರ್: ಹುಬ್ಬಳ್ಳಿಯ ಒಂದು ಮನೆಯ ರೀಚಾರ್ಜ್ ಲೆಕ್ಕ

ಉಣಕಲ್ ಕಡೆಯ ಒಂದು ಸಾಧಾರಣ ಮನೆ. ಐದು ಜನ, ಆರು ಸಿಮ್. 2024ರ ಜುಲೈನಲ್ಲಿ ಮೊಬೈಲ್ ದರ ಏರಿದ ಮೇಲೆ ಆ ಮನೆಯವರು ಏನು ಮಾಡಿದರು, ಯಾವುದರಿಂದ ರೊಕ್ಕ ಉಳಿಯಿತು, ಯಾವುದು ಸುಮ್ನೆ ಓಡಾಟವಾಯಿತು ಎನ್ನುವುದು ಈ ಪ್ರಕರಣ. ಮನೆಯವರು ನನಗೆ ದೂರದ ನೆಂಟರು. ರೀಚಾರ್ಜ್ ಲೆಕ್ಕ ನೋಡಿಕೊಡು ಎಂದವರು ಅವರೇ. ಹೆಸರು ಬರೆಯುವುದು ಬೇಡ ಎಂದವರೂ ಅವರೇ.

ಅಪ್ಪ ದುರ್ಗದ ಬೈಲ್‌ನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ರಾತ್ರಿ ಮನೆ ಸೇರುವುದು ಒಂಬತ್ತರ ಮೇಲೆ. ಅವ್ವ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮಗ ತಾರಿಹಾಳದ ಕಾರ್ಖಾನೆಗೆ ಹೋಗುತ್ತಾನೆ. ಮಗಳು ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಹಾಸ್ಟೆಲಿನಲ್ಲಿದ್ದಾಳೆ. ಶನಿವಾರ ಚಿಗರಿ ಬಸ್ ಹಿಡಿದು ಮನೆಗೆ ಬರುತ್ತಾಳೆ. ಅಜ್ಜಿ ಕುಂದಗೋಳ ತಾಲ್ಲೂಕಿನ ಹಳ್ಳಿಯಲ್ಲಿ. ಅವರ ಕೈಯಲ್ಲಿ ಕೀಪ್ಯಾಡ್ ಫೋನ್. ಆರನೆಯ ನಂಬರ್ ಅಪ್ಪನ ಹಳೆಯದು. ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲಕ್ಕೂ ಅದನ್ನೇ ಕೊಟ್ಟದ್ದರಿಂದ ಫೋನಿನ ಎರಡನೇ ಸ್ಲಾಟ್‌ನಲ್ಲಿ ಕೂತಿತ್ತು. ತಿಂಗಳಿಗೆ ನಾಲ್ಕೈದು ಒಟಿಪಿ ಬರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ.

ದರ ಏರುವ ಮೊದಲು ಅಪ್ಪ, ಅವ್ವ, ಮಗ, ಮಗಳು ನಾಲ್ವರೂ ಜಿಯೋದ 239 ರೂಪಾಯಿ ಪ್ಲ್ಯಾನ್‌ನಲ್ಲಿದ್ದರು. ದಿನಕ್ಕೆ ಒಂದೂವರೆ ಜಿಬಿ, 28 ದಿನ. ಅಜ್ಜಿಯ ನಂಬರ್ ಮತ್ತು ಅಪ್ಪನ ಹಳೆಯ ನಂಬರ್ ಏರ್‌ಟೆಲ್‌ನವು. ತಲಾ 179 ರೂಪಾಯಿ, ಅದೂ 28 ದಿನಕ್ಕೆ. ಒಟ್ಟು 1,314. ಇದನ್ನು ಹನ್ನೆರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. 28 ದಿನದ ಪ್ಲ್ಯಾನ್ ವರ್ಷಕ್ಕೆ ಹದಿಮೂರು ಸಲ ಬರುತ್ತದೆ. ಹಾಗಾಗಿ ವರ್ಷಕ್ಕೆ 17,082 ರೂಪಾಯಿ.

ಈ ಹದಿಮೂರನೇ ತಿಂಗಳ ಬಗ್ಗೆ ದೂರು ಹಳೆಯದು. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ನಿಯಮ ಮಾಡಿತು. ಪ್ರತಿ ಕಂಪನಿ 30 ದಿನದ ಒಂದು ಪ್ಲ್ಯಾನ್, ಪ್ರತಿ ತಿಂಗಳು ಅದೇ ತಾರೀಖಿಗೆ ಮುಗಿಯುವ ಒಂದು ಪ್ಲ್ಯಾನ್ ಎರಡನ್ನೂ ಇಡಬೇಕು. ಇಟ್ಟಿದ್ದಾರೆ. ಆದರೆ ಅಂಗಡಿಯಲ್ಲಿ ಕೇಳದೆ ಯಾರೂ ತೋರಿಸುವುದಿಲ್ಲ. ಈ ಮನೆಯಲ್ಲಿ ಅಂಥದ್ದಿದೆ ಎಂಬುದೇ ಗೊತ್ತಿರಲಿಲ್ಲ.

ಜುಲೈ 3

ಲೋಕಸಭಾ ಚುನಾವಣೆ ಮುಗಿದಿತ್ತು. ಜೂನ್ 27ರಂದು ಜಿಯೋ ಹೊಸ ದರ ಪ್ರಕಟಿಸಿತು. ಮರುದಿನ ಏರ್‌ಟೆಲ್, ಅದರ ಹಿಂದೆಯೇ ವೊಡಾಫೋನ್ ಐಡಿಯಾ. ಮೊದಲ ಎರಡರ ದರ ಜುಲೈ 3ಕ್ಕೆ ಜಾರಿಗೆ ಬಂತು, ಮೂರನೆಯದು 4ಕ್ಕೆ. ಗೊತ್ತಿದ್ದವರು ಹಳೆಯ ದರದಲ್ಲೇ ಮುಂಗಡ ರೀಚಾರ್ಜ್ ಮಾಡಿಸಿಕೊಂಡರು. ಈ ಮನೆಯವರಿಗೆ ಸುದ್ದಿ ಮುಟ್ಟಿದ್ದು ರೀಚಾರ್ಜ್ ಅಂಗಡಿಯವನು ಜಾಸ್ತಿ ರೊಕ್ಕ ಕೇಳಿದಾಗ.

239 ಇದ್ದದ್ದು 299 ಆಯಿತು. 179 ಇದ್ದದ್ದು 199. ಹಲವು ಪತ್ರಿಕೆಗಳು ಬರೆದದ್ದು ಹೆಚ್ಚೆಂದರೆ ಶೇಕಡಾ 25ರ ಆಸುಪಾಸು ಏರಿಕೆ ಎಂದು. ಮಗಳ ವಿಷಯದಲ್ಲಿ ಅದು ಅಷ್ಟಕ್ಕೆ ನಿಲ್ಲಲಿಲ್ಲ. ಅವಳದು 5ಜಿ ಫೋನ್. ಮೊದಲು 239ರ ಪ್ಲ್ಯಾನಿಗೂ ಮಿತಿಯಿಲ್ಲದ 5ಜಿ ಸಿಗುತ್ತಿತ್ತು. ಹೊಸ ಪಟ್ಟಿಯಲ್ಲಿ ಅದು ದಿನಕ್ಕೆ ಎರಡು ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲ್ಯಾನ್‌ಗಳಿಗೆ ಮಾತ್ರ. ಅಂದರೆ ಅದೇ ಸೌಲಭ್ಯ ಬೇಕಿದ್ದರೆ ಅವಳು 349 ಕೊಡಬೇಕು. 239ರಿಂದ 349ಕ್ಕೆ ಎಂದರೆ ಶೇಕಡಾ 46. ನಾವು ನೋಡಿದ ತಲೆಬರಹಗಳಲ್ಲಿ ಇದು ಬರಲಿಲ್ಲ. ದರ ಪಟ್ಟಿ ಓದುವಾಗ ಬೆಲೆಯ ಕಾಲಂ ನೋಡಿದರೆ ಸಾಲದು, ಬೆಲೆಯ ಪಕ್ಕದಲ್ಲಿ ಏನು ಕಾಣೆಯಾಗಿದೆ ಎಂದೂ ನೋಡಬೇಕು.

ಮನೆಯ ಹೊಸ ಲೆಕ್ಕ: ಮೂರು ನಂಬರಿಗೆ 299, ಮಗಳಿಗೆ 349, ಉಳಿದೆರಡಕ್ಕೆ 199. ವರ್ಷಕ್ಕೆ 21,372. ಏನೂ ಹೊಸದು ಕೊಳ್ಳದೆ 4,290 ರೂಪಾಯಿ ಜಾಸ್ತಿ.

ಅಪ್ಪನ ಪ್ರಶ್ನೆ ಸರಳವಾಗಿತ್ತು. ‘ಮೂರೂ ಕಂಪನಿಯವರು ಒಮ್ಮೆಗೇ ಏರಿಸ್ಯಾರ. ಇದೆಂಥಾ ಪೈಪೋಟಿರೀ?’

ಪೈಪೋಟಿ ಎಲ್ಲಿ ಹೋಯಿತು

ಹುಬ್ಬಳ್ಳಿಯಲ್ಲಿ ಮೊಬೈಲ್ ಬಳಸಿ ಇಪ್ಪತ್ತು ವರ್ಷ ದಾಟಿದವರಿಗೆ ಸ್ಪೈಸ್ ನೆನಪಿರುತ್ತದೆ. 2008ರಲ್ಲಿ ಅದು ಐಡಿಯಾ ಪಾಲಾಯಿತು. ಆಮೇಲೆ ಟಾಟಾ ಡೊಕೊಮೊ ಬಂತು, ಸೆಕೆಂಡಿಗೆ ಒಂದು ಪೈಸೆ ಎಂದು ಎಲ್ಲರನ್ನೂ ಕುಣಿಸಿತು. ಏರ್‌ಸೆಲ್, ರಿಲಯನ್ಸ್ ಕಮ್ಯುನಿಕೇಷನ್ಸ್ ಇದ್ದವು. ಜೇಬಿನಲ್ಲಿ ಎರಡು ಸಿಮ್, ಯಾರ ಆಫರ್ ಚೆನ್ನಾಗಿದೆಯೋ ಆ ವಾರ ಅದರಿಂದ ಫೋನು. ಆಗ ಒಂದು ಜಿಬಿ ಡೇಟಾಕ್ಕೆ 250 ರೂಪಾಯಿ ಆಸುಪಾಸು ಕೊಡುತ್ತಿದ್ದೆವು ಎಂಬುದನ್ನೂ ಮರೆಯಬಾರದು.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಮುಂದಿನ ಮಾರ್ಚ್‌ವರೆಗೆ ಪುಕ್ಕಟೆ. ನಂತರವೂ ದರ ಬಹಳ ಕಡಿಮೆ. ಉಳಿದವರು ಅದೇ ದರಕ್ಕೆ ಇಳಿಯಬೇಕಾಯಿತು. ಇಳಿಯಲಾಗದವರು ಹೋದರು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಮೊಬೈಲ್ ಕರೆ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ವೊಡಾಫೋನ್ ಮತ್ತು ಐಡಿಯಾ ಅದೇ ವರ್ಷ ಆಗಸ್ಟ್‌ನಲ್ಲಿ ಒಂದಾದವು. ಡೊಕೊಮೊ ಗಿರಾಕಿಗಳು 2019ರಲ್ಲಿ ಏರ್‌ಟೆಲ್‌ಗೆ ಸೇರಿದರು. ನಮ್ಮ ಕಡೆ ಉಳಿದದ್ದು ಮೂರು ಖಾಸಗಿ ಕಂಪನಿ, ಒಂದು ಸರಕಾರಿ ಬಿಎಸ್‌ಎನ್‌ಎಲ್. 2019ರ ಡಿಸೆಂಬರ್‌ನಲ್ಲಿ ಮೊದಲ ದೊಡ್ಡ ಏರಿಕೆ, 2021ರ ಕೊನೆಯಲ್ಲಿ ಎರಡನೆಯದು, 2024ರದು ಮೂರನೆಯದು. ಮೂರು ಸಲವೂ ಖಾಸಗಿಯವರು ಕೆಲವೇ ದಿನಗಳ ಅಂತರದಲ್ಲಿ ಏರಿಸಿದರು.

ಇದಕ್ಕೆ ಒಳ ಒಪ್ಪಂದ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಮಾರುವವರು ಮೂವರೇ ಇದ್ದು, ಎಲ್ಲರ ದರ ಪಟ್ಟಿ ಎಲ್ಲರ ಕಣ್ಣೆದುರಿಗೇ ಇದ್ದಾಗ ಒಬ್ಬ ಏರಿಸಿದರೆ ಇನ್ನೊಬ್ಬನಿಗೆ ಕಡಿಮೆ ಇಟ್ಟುಕೊಳ್ಳುವುದಕ್ಕಿಂತ ತಾನೂ ಏರಿಸುವುದು ಲಾಭ. ಮೊಬೈಲ್ ದರಕ್ಕೆ ಸರಕಾರ ಮೇಲಿನ ಮಿತಿ ಹಾಕುವುದಿಲ್ಲ. ದರ ಇಡುವುದು ಕಂಪನಿಗೆ ಬಿಟ್ಟದ್ದು. ಹೊಸ ಪ್ಲ್ಯಾನ್ ತಂದ ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ತಿಳಿಸಿದರೆ ಆಯಿತು.

ಆಮೇಲಿನ ಅಂಕಿಗಳು ಇನ್ನೂ ಕುತೂಹಲಕಾರಿ. 2024ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಜಿಯೋ ಒಂದು ಕೋಟಿಗೂ ಹೆಚ್ಚು ಗಿರಾಕಿಗಳನ್ನು ಕಳೆದುಕೊಂಡಿತು. ಜುಲೈ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗಿರಾಕಿಗಳು ಸೇರಿದರು. ಕಂಪನಿಗಳಿಗೆ ಪೆಟ್ಟು ಬಿತ್ತು ಎಂದುಕೊಳ್ಳಬೇಕು, ಅಲ್ವಾ? ಆದರೆ ಜಿಯೋಗೆ ಒಬ್ಬ ಗಿರಾಕಿಯಿಂದ ತಿಂಗಳಿಗೆ ಬರುವ ಸರಾಸರಿ ಆದಾಯ 181.7 ರೂಪಾಯಿಯಿಂದ ಎರಡೇ ತ್ರೈಮಾಸಿಕದಲ್ಲಿ 203.3ಕ್ಕೆ ಏರಿತು. ಏರ್‌ಟೆಲ್‌ನದು 211ರಿಂದ 245ಕ್ಕೆ. ಬಿಟ್ಟುಹೋದವರಲ್ಲಿ ಬಹಳಷ್ಟು ಎರಡನೇ ಸಿಮ್‌ಗಳು, ಕಡಿಮೆ ರೊಕ್ಕ ಕೊಡುತ್ತಿದ್ದ ನಂಬರ್‌ಗಳು ಇರಬೇಕು. ಅವರು ಹೋದರೆ ಸರಾಸರಿ ಮೇಲಕ್ಕೇ ಹೋಗುತ್ತದೆ.

ಮಗ ಪೋರ್ಟ್ ಮಾಡಿದ್ದು

ಮೊದಲು ಸಿಟ್ಟಿಗೆದ್ದವನು ಮಗ. ಗೋಕುಲ ರಸ್ತೆಯಲ್ಲಿ ಛತ್ರಿ ಹಾಕಿಕೊಂಡು ಸಿಮ್ ಮಾರುವ ಹುಡುಗರು ಅವನನ್ನು ಹಿಡಿದರು. ‘ಪೋರ್ಟ್ ಆಗ್ರಿ ಅಣ್ಣಾ, ಮೊದಲ್ನೇ ರೀಚಾರ್ಜ್ ಕಡಿಮಿ.’ ಪೋರ್ಟ್ ಎಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸುವುದು. ಅವನು 1900ಕ್ಕೆ ಮೆಸೇಜ್ ಕಳಿಸಿದ, ಕೋಡ್ ಬಂತು, ಆಧಾರ್ ಕೊಟ್ಟ. ಕೋಡ್ ನಾಲ್ಕು ದಿನ ನಡೆಯುತ್ತದೆ. ರಾಜ್ಯದೊಳಗಿನ ಪೋರ್ಟ್ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು, ಮುಗಿಯಿತು. ಹೊಸ ಕಂಪನಿಯ ಹೆಸರು ಇಲ್ಲಿ ಬೇಡ. ಹಳೆಯ ಪ್ಲ್ಯಾನ್‌ನಲ್ಲಿ ಇನ್ನೂ ಎರಡು ವಾರದಷ್ಟು ದಿನ ಬಾಕಿ ಇದ್ದವು. ಪೋರ್ಟ್ ಆದ ಕ್ಷಣಕ್ಕೆ ಅವು ಹೋದವು. ಪ್ರೀಪೇಯ್ಡ್‌ನಲ್ಲಿ ಉಳಿದದ್ದು ಜೊತೆಗೆ ಬರುವುದಿಲ್ಲ. ಛತ್ರಿ ಕೆಳಗಿನ ಹುಡುಗ ಇದನ್ನು ಹೇಳಲಿಲ್ಲ.

ಮೊದಲ ರೀಚಾರ್ಜ್ ನಿಜಕ್ಕೂ ಕಡಿಮೆ ಇತ್ತು. ಎರಡನೆಯದು ಮೊದಲಿನ ಕಂಪನಿಗಿಂತ 50 ರೂಪಾಯಿ ಜಾಸ್ತಿ. ಮೇಲೆ, ತಾರಿಹಾಳದ ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ಚೆನ್ನಾಗಿತ್ತು, ರಸ್ತೆಯಲ್ಲಿ ಚೆನ್ನಾಗಿತ್ತು, ದಿನದ ಎಂಟು ತಾಸು ಇರುವ ಜಾಗದಲ್ಲಿ ಇಲ್ಲ. ವಾಪಸ್ ಹೋಗೋಣವೆಂದರೆ 90 ದಿನ ಕಾಯಬೇಕು. ಒಂದು ಕಂಪನಿಯಲ್ಲಿ ಅಷ್ಟು ದಿನ ಇರದೆ ಮತ್ತೆ ಪೋರ್ಟ್ ಆಗುವಂತಿಲ್ಲ.

ಮೂರು ತಿಂಗಳು ಶಿಫ್ಟ್‌ನಲ್ಲಿ ಯಾರಾದರೂ ಅವನಿಗೆ ಫೋನ್ ಮಾಡಬೇಕೆಂದರೆ ಗೆಳೆಯನ ನಂಬರಿಗೆ ಮಾಡುತ್ತಿದ್ದರು. ಗಡುವು ಮುಗಿದ ಮೇಲೆ ಹಳೆಯ ಕಂಪನಿಗೇ ಬಂದ.

ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಪೈಪೋಟಿ ಇಲ್ಲವೇ ಇಲ್ಲ ಎಂದಲ್ಲ, ಅದು ಹೊಸ ಗಿರಾಕಿಯ ಮೊದಲ 28 ದಿನದ ಮೇಲೆ ನಡೆಯುತ್ತಿದೆ. ಎರಡನೇ ರೀಚಾರ್ಜ್ ಹೊತ್ತಿಗೆ ನೀವು ಹಳೆಯ ಗಿರಾಕಿ. ಮಗ ಹೊಸ ಸಿಮ್ ಒಂದನ್ನು ಸಣ್ಣ ಪ್ಯಾಕ್ ಹಾಕಿ ಶೆಡ್ಡಿನಲ್ಲಿ ಪರೀಕ್ಷಿಸಿ, ಆಮೇಲೆ ನಂಬರ್ ಪೋರ್ಟ್ ಮಾಡಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ.

ಒಂದೇ ಮನೆ, ಎರಡು ಥರದ ಜಿಬಿ

ಫೋನಿನ ಸೆಟ್ಟಿಂಗ್ಸ್ ತೆರೆದು ಯಾರು ಎಷ್ಟು ಡೇಟಾ ಬಳಸುತ್ತಾರೆ ಎಂದು ನೋಡಿದೆವು. ಅಪ್ಪನ ಬಳಕೆ 28 ದಿನಕ್ಕೆ ಸುಮಾರು 9 ಜಿಬಿ. ಅವರು ಕೊಂಡದ್ದು 42 ಜಿಬಿ. ದಿನದ ಪಾಲು ದಿನಕ್ಕೇ ಮುಗಿಯುತ್ತದೆ, ಉಳಿದದ್ದು ನಡುರಾತ್ರಿ ಮಾಯ. ಭಾರತದಲ್ಲಿ ಡೇಟಾ ಅಗ್ಗ ಎನ್ನುತ್ತಾರೆ. ಪ್ಯಾಕ್ ಮೇಲೆ ಭಾಗಿಸಿದರೆ ಜಿಬಿಗೆ ಏಳು ರೂಪಾಯಿ ಚಿಲ್ಲರೆ, ನಿಜ. ಅಪ್ಪ ಬಳಸಿದ್ದರ ಮೇಲೆ ಭಾಗಿಸಿದರೆ 33.

ಅವ್ವನದು ಉಲ್ಟಾ. ಬೆಳಗಿನಿಂದ ಬ್ಲೌಸ್ ಡಿಸೈನ್ ವಿಡಿಯೋ, ಗಿರಾಕಿಗಳ ವಾಟ್ಸ್‌ಆ್ಯಪ್ ಫೋಟೋ, ಹೊಲಿಯುವಾಗ ಪಕ್ಕದಲ್ಲಿ ಧಾರಾವಾಹಿ. ಸಂಜೆ ನಾಲ್ಕಕ್ಕೆಲ್ಲ ಒಂದೂವರೆ ಜಿಬಿ ಖಾಲಿ. ಆಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಒಂದು ಫೋಟೋ ತೆರೆಯುವುದೂ ಕಷ್ಟ. ಅದಕ್ಕೆ 19 ರೂಪಾಯಿಯ ಒಂದು ಜಿಬಿ ಬೂಸ್ಟರ್ ಹಾಕಿಸುತ್ತಿದ್ದರು. ಈ ಖರ್ಚು ಮೇಲಿನ ವಾರ್ಷಿಕ ಲೆಕ್ಕದಲ್ಲಿ ಇಲ್ಲ. ಒಂದೇ ಮನೆಯಲ್ಲಿ ಒಬ್ಬರ ಜಿಬಿ ರಾತ್ರಿ ಸಾಯುತ್ತಿತ್ತು, ಇನ್ನೊಬ್ಬರು ಅದನ್ನೇ 19 ಕೊಟ್ಟು ಕೊಳ್ಳುತ್ತಿದ್ದರು.

ಪರಿಹಾರ ಹಾಟ್‌ಸ್ಪಾಟ್. ಅಪ್ಪ ಬಂದ ಮೇಲೆ ಅವರ ಫೋನಿನಿಂದ ಅವ್ವನ ಫೋನಿಗೆ. ಅಪ್ಪನಿಗೆ ದಿನಕ್ಕೆ ಒಂದು ಜಿಬಿಯ 249ರ ಪ್ಲ್ಯಾನ್ ಸಾಕಾಯಿತು, ಅದರಲ್ಲೇ ಅವ್ವನಿಗೂ ಪಾಲು. ಬೂಸ್ಟರ್ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಮನೆಗೆ ಫೈಬರ್ ಹಾಕಿಸಿದರೆ ಹೇಗೆ ಎಂದೂ ನೋಡಿದೆವು. 399ರ ಪ್ಲ್ಯಾನಿಗೆ ಜಿಎಸ್‌ಟಿ ಸೇರಿ ತಿಂಗಳಿಗೆ 471, ವರ್ಷಕ್ಕೆ 5,650. ಮೊಬೈಲ್ ರೀಚಾರ್ಜ್ ತಪ್ಪುವುದಿಲ್ಲ. ಕೈಬಿಟ್ಟೆವು.

ಅವ್ವ, ಮಗಳು, ಮಗ 84 ದಿನದ ಪ್ಲ್ಯಾನಿಗೆ ಹೋದರು. 799ರದು ದಿನಕ್ಕೆ ಒಂಬತ್ತೂವರೆ ರೂಪಾಯಿ ಬೀಳುತ್ತದೆ, 299ರದು ಹತ್ತು ರೂಪಾಯಿ ಅರವತ್ತೆಂಟು ಪೈಸೆ. ಮಗಳಿಗೆ 349ರ ಬದಲು 859. ಮೂವರಿಂದ ವರ್ಷಕ್ಕೆ ಸುಮಾರು 1,630 ಉಳಿಯುತ್ತದೆ. ಆದರೆ ಒಮ್ಮೆಗೇ 799 ತೆಗೆದಿಡುವುದು ಎಲ್ಲ ತಿಂಗಳೂ ಆಗುವ ಮಾತಲ್ಲ. ಮೂವರ ಗಡುವೂ ಒಂದೇ ವಾರ ಬೀಳದಂತೆ ಹಿಂದುಮುಂದು ಮಾಡಿದೆವು. ಸಂಬಳ ಕೈಗೆ ಬಂದಂತೆ ಖರ್ಚು ಮಾಡುವ ಮನೆಯವರು ದಿನದ ಲೆಕ್ಕದಲ್ಲಿ ಜಾಸ್ತಿ ಕೊಡುತ್ತಾರೆ. ಈ ಪಟ್ಟಿಯಲ್ಲಿ ನನಗೆ ಸರಿಕಾಣದ ವಿಷಯ ಇದು.

ಆ ಎರಡು ನಂಬರ್

ಇಷ್ಟೆಲ್ಲ ಮಾಡಿದರೂ ದೊಡ್ಡ ಮೊತ್ತ ಉಳಿದದ್ದು ಡೇಟಾದಲ್ಲಿ ಅಲ್ಲ. ಅಜ್ಜಿಯ ಕೀಪ್ಯಾಡ್ ಫೋನು, ಅಪ್ಪನ ಒಟಿಪಿ ಸಿಮ್. ಎರಡಕ್ಕೂ ವರ್ಷಕ್ಕೆ ತಲಾ 2,587 ಹೋಗುತ್ತಿತ್ತು. ಎರಡರಲ್ಲೂ ಒಂದು ಎಂಬಿ ಡೇಟಾ ಬಳಕೆಯಿಲ್ಲ. ಅಜ್ಜಿ ಕೇಳಿದ್ದು: ‘ನಾ ನೆಟ್ಟ ನೋಡಂಗಿಲ್ಲೋ ತಮ್ಮಾ, ನನಗ್ಯಾಕ ನೆಟ್ಟಿನ ರೊಕ್ಕ?’ ನೀರಷ್ಟೇ ಸಾಕು ಎಂದರೂ ಖಾನಾವಳಿಯವನು ಪೂರ್ತಿ ಊಟದ ಬಿಲ್ ಕೊಟ್ಟಂತೆ.

ಒಂದು ಕಾಲಕ್ಕೆ ಲೈಫ್‌ಟೈಮ್ ಸಿಮ್ ಎಂದು ಮಾರುತ್ತಿದ್ದರು. ಬಂದ ಕರೆಗೆ ರೊಕ್ಕವಿಲ್ಲ, ರೀಚಾರ್ಜ್ ಮಾಡದೆಯೂ ಫೋನ್ ಬರುತ್ತಿತ್ತು. 2018ರ ಕೊನೆಗೆ ಅದು ಹೋಯಿತು. ಸೇವೆ ಉಳಿಯಬೇಕಿದ್ದರೆ 28 ದಿನಕ್ಕೆ ಕನಿಷ್ಠ 35 ರೂಪಾಯಿ ಎಂದಾಯಿತು. ಏರ್‌ಟೆಲ್‌ನ ಪಟ್ಟಿಯನ್ನೇ ನೋಡಿ. 2021ರ ಜುಲೈನಲ್ಲಿ ಕನಿಷ್ಠ 79, ಅದೇ ವರ್ಷ ನವೆಂಬರ್‌ನಲ್ಲಿ 99, 2023ರ ಆರಂಭದಲ್ಲಿ ಕರ್ನಾಟಕದಲ್ಲಿ 155, 2024ರ ಜುಲೈಗೆ 199. ಅದೇ ಕಂಪನಿಯ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಲ್ಯಾನ್ 2019ರ ಡಿಸೆಂಬರ್‌ನಲ್ಲಿ 248 ಇತ್ತು, 2024ರಲ್ಲಿ 349 ಆಯಿತು. ಡೇಟಾ ಬಳಸುವವನಿಗೆ ದರ ಶೇಕಡಾ 40 ಏರಿದರೆ, ಬರೀ ನಂಬರ್ ಉಳಿಸಿಕೊಳ್ಳುವವನ ದರ 35ರಿಂದ 199ಕ್ಕೆ, ಅಂದರೆ ಮೊದಲಿನ ಐದು ಪಟ್ಟಿಗೂ ಮೇಲಾಯಿತು. 35ರಲ್ಲಿ ಸಿಗುತ್ತಿದ್ದದ್ದು ಸ್ವಲ್ಪ ಟಾಕ್‌ಟೈಮ್, 199ರಲ್ಲಿ ಕರೆಗೆ ಮಿತಿಯಿಲ್ಲ. ಅದನ್ನು ಒಪ್ಪಬೇಕು. ಆದರೆ ಮಿತಿಯಿಲ್ಲದ ಕರೆ ಅಜ್ಜಿ ಕೇಳಿದ್ದಲ್ಲ.

2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿತು: ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಿ, ಅವಧಿ 365 ದಿನದವರೆಗೂ ಇರಬಹುದು. ಜನವರಿಯಲ್ಲಿ ಪ್ಯಾಕ್ ಬಂದವು. ಏರ್‌ಟೆಲ್‌ನದು 84 ದಿನಕ್ಕೆ 469, ವರ್ಷಕ್ಕೆ 1,849. ಜಿಯೋದು 84 ದಿನಕ್ಕೆ 448. ಏರ್‌ಟೆಲ್‌ನಲ್ಲಿ ಅದಕ್ಕೆ ಮೊದಲು 84 ದಿನ ಕರೆಯ ಜೊತೆ 6 ಜಿಬಿ ಇದ್ದ ಪ್ಲ್ಯಾನಿನ ಬೆಲೆ 509. ಡೇಟಾ ತೆಗೆದದ್ದಕ್ಕೆ ಇಳಿದದ್ದು 40 ರೂಪಾಯಿ. ಅಂದರೆ ಕಂಪನಿಯ ಲೆಕ್ಕದಲ್ಲೇ 509ರಲ್ಲಿ ಡೇಟಾದ ಪಾಲು 40. ಉಳಿದ 469 ನಂಬರ್ ಜೀವಂತ ಇಟ್ಟುಕೊಳ್ಳಲು ಮತ್ತು ಮಾತಿಗೆ. ಜಾಹೀರಾತು ಪೂರ್ತಿ ಜಿಬಿಯದು, ವ್ಯಾಪಾರ ಪೂರ್ತಿ ವ್ಯಾಲಿಡಿಟಿಯದು. ಅಪ್ಪನ ಪ್ರಶ್ನೆಗೆ ಉಳಿದರ್ಧ ಉತ್ತರ ಇದು. ಜಿಬಿ ವಿಷಯದಲ್ಲಿ ಜಗಳವಾಡುವ ಕಂಪನಿಗಳು ಕನಿಷ್ಠ ದರದ ವಿಷಯದಲ್ಲಿ ಹತ್ತಿಪ್ಪತ್ತು ರೂಪಾಯಿ ಅಂತರದಲ್ಲಿ ಪಕ್ಕಪಕ್ಕ ಕೂತಿವೆ.

ಅಜ್ಜಿಯ ನಂಬರನ್ನು ಈ ಪ್ಯಾಕ್‌ಗಳು ಬರುವ ಮೊದಲೇ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡಿಸಿದ್ದರು. 107 ರೂಪಾಯಿಗೆ ಆಗ 35 ದಿನ, 200 ನಿಮಿಷ ಹೊರಕರೆ. ಅಜ್ಜಿ ಫೋನ್ ಮಾಡುವುದು ಕಡಿಮೆ, ಎತ್ತುವುದೇ ಜಾಸ್ತಿ. ಹಳ್ಳಿಯಲ್ಲಿ ಸಿಗ್ನಲ್ ಗಟ್ಟಿ ಇತ್ತು, ಕೀಪ್ಯಾಡ್ ಫೋನಿಗೆ 4ಜಿ ಬೇಕಿರಲಿಲ್ಲ. ವರ್ಷಕ್ಕೆ 2,587 ಇದ್ದದ್ದು ಸುಮಾರು 1,116ಕ್ಕೆ ಇಳಿಯಿತು. ಸಿಟ್ಟಿನಿಂದ ಮಾಡಿದ ಮಗನ ಪೋರ್ಟ್ ಕೈಕೊಟ್ಟಿತು, ಬಳಕೆ ನೋಡಿ ಮಾಡಿದ ಅಜ್ಜಿಯ ಪೋರ್ಟ್ ಉಪಯೋಗಕ್ಕೆ ಬಂತು.

ಅಪ್ಪನ ಒಟಿಪಿ ಸಿಮ್ ಬಿಡಿಸಿದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ರೊಕ್ಕದಲ್ಲಿ ನೋಡಿದರೆ ಎಲ್ಲಕ್ಕಿಂತ ಲಾಭದ್ದು. ಮೊದಲು ಆಧಾರ್ ಕೇಂದ್ರ. ಮೊಬೈಲ್ ನಂಬರ್ ಬದಲಿಸಲು ಆಗ 50 ರೂಪಾಯಿ ಶುಲ್ಕ, ಜೊತೆಗೆ ಅರ್ಧ ದಿನದ ರಜೆ. ಆಮೇಲೆ ಬ್ಯಾಂಕಿನ ಎರಡು ಖಾತೆಗೆ ಫಾರ್ಮ್. ಗ್ಯಾಸ್, ಪ್ಯಾನ್, ಪಿಎಫ್, ವಿಮೆ. ಅಪ್ಪನಿಗೆ ಸಾಕುಸಾಕಾಯಿತು. ‘ಇಷ್ಟ ಅಡ್ಡಾಡೂದಕ್ಕಿಂತ 199 ಕೊಟ್ಟು ಸುಮ್ನಿರೂದs ಚಲೋರೀ’ ಎಂದರು. ಕನಿಷ್ಠ ರೀಚಾರ್ಜ್ ನಡೆಯುವುದೇ ಈ ಮಾತಿನ ಮೇಲೆ. ಜನ ಕೊಡುವುದು ಸಿಮ್ ಬೇಕು ಎಂದಲ್ಲ, ಬಿಡಿಸಿಕೊಳ್ಳುವುದು ತ್ರಾಸು ಎಂದು.

ನಂಬರ್ ಸುಮ್ನೆ ಬಿಟ್ಟುಬಿಡಬಾರದು. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆ ಹೊತ್ತಿಗೆ ಬ್ಯಾಂಕ್ ಮೆಸೇಜ್ ಅದಕ್ಕೇ ಹೋಗುತ್ತಿದ್ದರೆ ಅಪಾಯ. ಅದಕ್ಕೇ ಒಂದು ರೀಚಾರ್ಜ್ ಅವಧಿ ಪೂರ್ತಿ ಹಳೆಯ ನಂಬರಿಗೆ ಏನಾದರೂ ಬರುತ್ತದೆಯೇ ಎಂದು ಕಾದು ನೋಡಿದರು. ವಿಮೆಯ ಒಂದು ಮೆಸೇಜ್ ಬಂತು, ಅದನ್ನೂ ಬದಲಿಸಿದರು. ವಾಟ್ಸ್‌ಆ್ಯಪ್ ಖಾತೆ ಅಳಿಸಿದರು. ನಂತರ ಬಿಟ್ಟರು.

ಆಮೇಲಿನ ಲೆಕ್ಕ

ಎಲ್ಲ ಮುಗಿದ ಮೇಲೆ ವರ್ಷದ ಮೊತ್ತ ಸುಮಾರು 15,030. ಏರಿಕೆಯ ಮೊದಲಿನ 17,082ಕ್ಕಿಂತಲೂ ಕಡಿಮೆ. ಏರಿಕೆಯ ನಂತರದ 21,372ಕ್ಕೆ ಹೋಲಿಸಿದರೆ ಉಳಿತಾಯ ಸುಮಾರು 6,340. ಅದರಲ್ಲಿ 4,058 ಬಂದದ್ದು ಡೇಟಾ ಬಳಸದ ಆ ಎರಡು ನಂಬರಿನಿಂದ. 84 ದಿನದ ಪ್ಲ್ಯಾನ್‌ಗಳಿಂದ 1,630, ಅಪ್ಪನ ಪ್ಲ್ಯಾನ್ ಇಳಿಸಿದ್ದರಿಂದ 650. ಕಂಪನಿ ಬದಲಿಸಿ ರೊಕ್ಕ ಉಳಿಸಿದ್ದು ಅಜ್ಜಿ ಒಬ್ಬರೇ.

ಈ ಲೆಕ್ಕ ಹಾಗೇ ನಿಲ್ಲಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿಯೋದ 249ರ ಪ್ಲ್ಯಾನ್ ಆ್ಯಪ್‌ನಿಂದ ಕಾಣೆಯಾಯಿತು. ಅದೇ ತಿಂಗಳು ಏರ್‌ಟೆಲ್ ಕೂಡ ತನ್ನ 249ರದ್ದನ್ನು ನಿಲ್ಲಿಸಿತು. ಯಾವ ದರವೂ ‘ಏರಲಿಲ್ಲ’, ಕೆಳಗಿನ ಮೆಟ್ಟಿಲು ತೆಗೆದರು ಅಷ್ಟೇ. ಬಿಎಸ್‌ಎನ್‌ಎಲ್‌ನ 107ರ ಬೆಲೆ ಹಾಗೇ ಇದ್ದು ಅವಧಿ ಮೊಟಕಾಯಿತು. ಅದೂ ಏರಿಕೆಯೇ. ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದ ಉದ್ಘಾಟನೆಯಾಯಿತು. ಆ ದಿನ ಉದ್ಘಾಟನೆಯಾದ 4ಜಿ ಟವರ್ ಸುಮಾರು 97,500. ಅದು ನಗರದಲ್ಲೂ ಚೆನ್ನಾಗಿ ನಡೆದರೆ ನಾಲ್ಕನೆಯ ಮಾರಾಟಗಾರ ಬಂದಂತೆ.

ಸದ್ಯಕ್ಕೆ ಅಪ್ಪನೂ 799ಕ್ಕೆ ಬಂದಿದ್ದಾರೆ. ವರ್ಷಕ್ಕೆ 235 ರೂಪಾಯಿ ಜಾಸ್ತಿ, ದಿನಕ್ಕೆ ಅರ್ಧ ಜಿಬಿ ಜಾಸ್ತಿ. ಆ ಅರ್ಧ ಜಿಬಿ ಅವ್ವನ ಧಾರಾವಾಹಿಗೆ ಹೋಗುತ್ತಿದೆ, ಬೂಸ್ಟರ್ ಪೂರ್ತಿ ನಿಂತಿದೆ. ಅಜ್ಜಿಯ ಪ್ಯಾಕ್ ಇನ್ನೂ ಮೊಟಕಾದರೆ ಏರ್‌ಟೆಲ್‌ನ 1,849ರ ವಾರ್ಷಿಕ ಕರೆ ಪ್ಯಾಕ್ ಜೊತೆ ಮತ್ತೆ ಹೋಲಿಸಿ ನೋಡಬೇಕು. 107 ರೂಪಾಯಿಗೆ 21 ದಿನಕ್ಕಿಂತ ಜಾಸ್ತಿ ಸಿಗುವವರೆಗೆ ಬಿಎಸ್‌ಎನ್‌ಎಲ್ ಅಗ್ಗ.